ಕೂಡಿಟ್ಟು ಒಡೆಯೋದಾ, ಸಿಕ್ಕಾಗಲೇ ಒಡೆಯೋದಾ?

ಮೇಲಿಂದ ಬೀಳುವ ಬ್ಲಾಕ್‌ಗಳಿಂದ ಸಾಲು ತುಂಬಿಸಿ ಮಾಯ ಮಾಡುವ, ಅಂದರೆ ‘ಒಡೆಯುವ’ ವಿಡಿಯೋ ಗೇಮ್ ಟೆಟ್ರಿಸ್. ಅದನ್ನು ಆಡಿ ಬಂದವರ ಕೈಗೆ ಒಂದು ರೂಢಿ ಅಂಟಿರುತ್ತದೆ. ಬಲತುದಿಯ ಕಂಬಸಾಲನ್ನು ಖಾಲಿ ಬಿಟ್ಟು, ನಾಲ್ಕು ಮನೆಯ ಉದ್ದ ಕೋಲು ಬರುವ ತನಕ ಕಾಯೋದು. 1989ರ ನಿಂಟೆಂಡೊ ಟೆಟ್ರಿಸ್‌ನಲ್ಲಿ ಕಾಯುವುದೇ ಸರಿ. ಆರಂಭದ ಹಂತದಲ್ಲಿ ಒಂದು ಸಾಲಿಗೆ 40 ಅಂಕ, ನಾಲ್ಕು ಒಟ್ಟಿಗೆ ಒಡೆದರೆ 1200!

ಅದೇ ರೂಢಿಯಲ್ಲಿ ನಾನು ‘1010!’ ಆಡಲು ಕೂತೆ. ಇಸ್ತಾಂಬುಲ್‌ನ ಗ್ರಾಮ್ ಗೇಮ್ಸ್ 2014ರಲ್ಲಿ ತಂದ ಮೊಬೈಲ್ ಆಟ ಇದು. ಅಡ್ಡ ಹತ್ತು, ಉದ್ದ ಹತ್ತು, ಒಟ್ಟು 100 ಮನೆ. ಒಮ್ಮೆಗೆ ಮೂರು ಬ್ಲಾಕ್ ಬರುತ್ತವೆ, ಮೂರನ್ನೂ ಇಟ್ಟ ಮೇಲೇ ಮುಂದಿನ ಮೂರು. ಬ್ಲಾಕನ್ನು ತಿರುಗಿಸೋ ಹಾಗಿಲ್ಲ. ಅವಸರವೂ ಇಲ್ಲ.

ಒಂದು ವಾರ ಕೂಡಿಟ್ಟು ಆಡಿದೆ. ಒಂದು ಆಟ ಇನ್ನೂ ಕಣ್ಣಲ್ಲೇ ಇದೆ. ಕೆಳಗಿನ ಆರು ಸಾಲು ತಲಾ ಒಂಬತ್ತು ಮನೆ ತುಂಬಿವೆ, ಬಲತುದಿ ಖಾಲಿ. ಐದು ಮನೆಯ ನಿಂತ ಕೋಲು ಬಂದರೆ ಐದು ಸಾಲು ಒಟ್ಟಿಗೆ ಹೋಗುತ್ತವೆ. ಬಂದದ್ದು ಮೂರು-ಮೂರರ ಚೌಕ. ಮೇಲೆ ಅದಕ್ಕೆ ಇದ್ದದ್ದೇ ಒಂದು ಜಾಗ. ಇಟ್ಟೆ. ಮುಂದಿನ ಮೂರರಲ್ಲಿ ಮತ್ತೆರಡು ಚೌಕ. ಇಡಲು ಜಾಗವಿಲ್ಲದೆ ಆಟ ಅಲ್ಲಿಗೆ ಮುಗಿಯಿತು.

ಲೆಕ್ಕ ಹಾಕಿದಾಗ ತಪ್ಪು ಗೊತ್ತಾಯ್ತು. ಇಲ್ಲಿ ಒಂದು ಸಾಲಿಗೆ 10, ಎರಡಕ್ಕೆ 30, ಮೂರಕ್ಕೆ 60, ಐದಕ್ಕೆ 150. ಇಟ್ಟ ಪ್ರತಿ ಮನೆಗೂ ಒಂದು ಅಂಕ ಹೇಗೂ ಸಿಗುತ್ತದೆ. ಅಂದರೆ ಐದು ಸಾಲನ್ನು ಬೇರೆ ಬೇರೆ ಒಡೆದರೆ ಎಲ್ಲಾ ಸೇರಿ 100, ಒಟ್ಟಿಗೆ ಒಡೆದರೆ 200. ಬರೀ ಎರಡು ಪಟ್ಟು. ಅಷ್ಟಕ್ಕಾಗಿ ಅರ್ಧ ಬೋರ್ಡನ್ನು ಒತ್ತೆ ಇಡಬೇಕಾ?

ಮುಂದಿನ ವಾರ ಸಿಕ್ಕಾಗಲೇ ಒಡೆಯುತ್ತಾ ಹೋದೆ. ಆಟ ಜಾಸ್ತಿ ಹೊತ್ತು ನಡೆಯಿತು, ಅಂಕವೂ ಜಾಸ್ತಿ ಬಂತು. ಆದರೆ ಇದಕ್ಕೂ ಒಂದು ಕಾಟ ಇದೆ. ಟೆಟ್ರಿಸ್‌ನಲ್ಲಿ ಸಾಲು ಹೋದರೆ ಮೇಲಿನದು ಕೆಳಗಿಳಿಯುತ್ತದೆ, ಇಲ್ಲಿ ಇದ್ದಲ್ಲೇ ನಿಲ್ಲುತ್ತದೆ. ನಡುವಿನ ಸಾಲು ಒಡೆದರೆ ಮೇಲೂ ಕೆಳಗೂ ಹಲ್ಲು ಬಿಟ್ಟ ಹಾಗೆ ತುಣುಕು ಉಳಿಯುತ್ತವೆ. ಸುತ್ತ ತುಂಬಿದ ಒಂಟಿ ಮನೆಗೆ ಒಂಟಿ ಬ್ಲಾಕೇ ಬರಬೇಕು. ಅದು ಬೇಕಾದಾಗ ಬರಲ್ಲ.

ಹಾಗಾಗಿ ಈಗ ಸಿಕ್ಕ ಸಾಲನ್ನು ಬಿಡಲ್ಲ, ಆದರೆ ಒಂದು ಮೂಲೆಯಿಂದಲೇ ತುಂಬುತ್ತಾ ಬರುತ್ತೇನೆ. ಎದುರು ಮೂಲೆಯಲ್ಲಿ ಚೌಕಕ್ಕೊಂದು ಜಾಗ ಯಾವಾಗಲೂ ಖಾಲಿ. ಐದರ ಕೋಲಿಗೂ ಅಡ್ಡ ಒಂದು, ಉದ್ದ ಒಂದು ದಾರಿ ಬಿಟ್ಟಿರುತ್ತೇನೆ. ಮೂರು ಬ್ಲಾಕ್ ಬಂದ ಕೂಡಲೇ ಕೈ ಹಾಕಲ್ಲ. ಸಾಲು ಒಡೆಯುವಂಥ ಚಿಕ್ಕ ಬ್ಲಾಕ್ ಇದ್ದರೆ ಅದು ಮೊದಲು, ತೆರವಾದ ಜಾಗಕ್ಕೆ ದೊಡ್ಡದು. ಮೊನ್ನೆ ಇದೇ ಕ್ರಮದಲ್ಲಿ ಒಂದರ ಹಿಂದೆ ಒಂದು ಮೂರು ಚೌಕ ಬಂದರೂ ಬೋರ್ಡ್ ತಡೆದುಕೊಂಡಿತು.