ಮಗಳು ರಜೆಗೆ ಬಂದಾಗ ತಗೊಂಡ 14 ದಿನದ ಕಾರ್ ಇನ್ಶೂರೆನ್ಸ್, ನಮ್ಮ ಅನುಭವ

ಇಲ್ಲಿ ಬ್ರಿಟನ್ನಲ್ಲಿ ಯೂನಿವರ್ಸಿಟಿಗೆ ಹೋಗೋ ಮಕ್ಳಿರೋ ಮನೆಗಳಲ್ಲಿ ಕ್ರಿಸ್‌ಮಸ್ ರಜೆ ಹತ್ರ ಬಂತು ಅಂದ್ರೆ ಕಾರ್ ಕೀದೇ ಒಂದು ರಗಳೆ. ನನ್ ಮಗಳಿಗೆ 19, ಲೈಸೆನ್ಸ್ ಬಂದು ಒಂದು ವರ್ಷ ಆಗಿದೆ, ಟರ್ಮ್ ಪೂರ್ತಿ ಹಾಸ್ಟೆಲಲ್ಲಿ ಇರ್ತಾಳೆ, ಅಲ್ಲಿ ಸ್ಟೇರಿಂಗ್ ಮುಟ್ಟೋದೇ ಇಲ್ಲ, ಮನೆ ಬಾಗ್ಲಲ್ಲಿ ಬ್ಯಾಗ್ ಇಳಿಸೋಕ್ ಮುಂಚೆನೇ "ಅಮ್ಮಾ, ಕಾರ್ ಕೊಡ್ತೀಯಾ?" ಅಂತ ಶುರು. ಕೊಡೋಕೆ ನಂಗೇನು, ಅವಳ ಹೆಸರಲ್ಲಿ ಇನ್ಶೂರೆನ್ಸ್ ಇರಬೇಕಲ್ಲ. ಅದಕ್ಕೆ ಈ ಸಲ ಟೆಂಪರರಿ ಕವರ್ ಮಾರೋ ಒಂದು ಆ್ಯಪಲ್ಲಿ 14 ದಿನಕ್ಕೆ ತಗೊಂಡ್ವಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ, ಇನ್ನೊಂದೂವರೆ ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ಮೊದ್ಲು ಯೋಚ್ನೆ ಮಾಡಿದ್ದು ನಮ್ಮನೆಯವ್ರ ವರ್ಷದ ಪಾಲಿಸಿಗೇ ಅವಳನ್ನ ನೇಮ್ಡ್ ಡ್ರೈವರ್ ಆಗಿ, ಅಂದ್ರೆ ಅದೇ ಕಾರ್ ಓಡ್ಸೋ ಇನ್ನೊಬ್ಬಳಾಗಿ ಸೇರ್ಸೋಣ ಅಂತ. ಫೋನ್ ಮಾಡಿ ಕೇಳಿದ್ರೆ ಸೇರ್ಸೋಕೊಂದು ಫೀ, ತೆಗೆಯೋಕೊಂದು ಫೀ, ಅದರ ಮೇಲೆ ಪ್ರೀಮಿಯಂ ಬೇರೆ. ಅದೂ ಹೋಗ್ಲಿ, ಅವಳು ಎಲ್ಲಾದ್ರೂ ಗುದ್ದಿಸಿ ಕ್ಲೇಮ್ ಮಾಡೋ ಹಾಗಾದ್ರೆ ಅದು ಇವರ ಪಾಲಿಸಿ ಮೇಲೇ ಬರತ್ತೆ. ಒಂಬತ್ತು ವರ್ಷದ ನೋ ಕ್ಲೇಮ್ಸ್ ಬೋನಸ್ಸು, ಅಂದ್ರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ, ಲಾಕರಲ್ಲಿರೋ ಒಡವೆ ಥರ ಕಾಪಾಡ್ಕೊಂಡ್ ಬಂದಿದಾರೆ ಮನುಷ್ಯ. ಟೆಂಪರರಿ ಪಾಲಿಸಿ ಅಂದ್ರೆ ಅದು ಬೇರೇನೇ, ಮಗಳ ಕ್ಲೇಮು ಮಗಳ ಪಾಲಿಸಿಗೆ, ಇವರ ಬೋನಸ್ಸಿಗೆ ಏನೂ ಆಗಲ್ಲ ಅಂತ ನಾನು ಹೇಳಿದ್ದೇ ತಡ, "ಹಾಗಿದ್ರೆ ಅದನ್ನೇ ಮಾಡು" ಅಂದ್ರು. ಅವಳಿಗೆ ಇದ್ರಿಂದ ಬೋನಸ್ ಸೇರಲ್ಲ ಅನ್ನೋದು ನಿಜ, ಆದ್ರೆ ಹದಿನಾಲ್ಕು ದಿನದಲ್ಲಿ ಎಂಥ ಬೋನಸ್ಸು.

ಎರಡ್ ದಿನ ಓಡ್ಸೋಕೆ ಇನ್ಶೂರೆನ್ಸ್ ಯಾಕೆ, ಯಾರು ನೋಡ್ತಾರೆ ಅನ್ನೋರೂ ಇದಾರೆ, ಅವರ ಮಾತು ಕೇಳ್ಬೇಡಿ. ಪೊಲೀಸ್ ಕ್ಯಾಮೆರಾ ನಂಬರ್ ಪ್ಲೇಟ್ ಓದ್ಬಿಡತ್ತೆ, ಸಿಕ್ಕಾಕೊಂಡ್ರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್. ದೊಡ್ಡೋರಿಗೆ ಅದು ಬರೀ ನೋವು, ಟೆಸ್ಟ್ ಪಾಸಾಗಿ ಎರಡು ವರ್ಷ ಆಗದೇ ಇರೋ ಮಕ್ಳಿಗೆ 6 ಪಾಯಿಂಟ್ ಬಂದ್ರೆ ಲೈಸೆನ್ಸೇ ಹೋಗತ್ತೆ, ಮತ್ತೆ ಪ್ರೊವಿಷನಲ್ (ಕಲಿಯೋರ ಲೈಸೆನ್ಸ್) ತಗೊಂಡು ಥಿಯರಿಯಿಂದ ಶುರು ಮಾಡ್ಬೇಕು. ಇನ್ನು ನನ್ನ ಪಾಲಿಸೀಲಿ ಬೇರೆ ಕಾರ್ ಓಡ್ಸಬಹುದು ಅಂತ ಬರೆದಿದೆ ಅಂತೀರಾ, ಅದು ಪಾಲಿಸಿ ತಗೊಂಡಿರೋ ನಿಮಗೆ, ನಿಮ್ಮ ಮಕ್ಳಿಗಲ್ಲ.

ಸರಿ, ರಾತ್ರಿ ಹನ್ನೊಂದಕ್ಕೆ ಊಟದ್ ಟೇಬಲ್ ಮೇಲೆ ಫೋನಿಟ್ಕೊಂಡು ಕೂತ್ವಿ. ಕಾರ್ ನಂಬರ್ ಹಾಕಿದ ತಕ್ಷಣ ಮಾಡೆಲ್ಲೆಲ್ಲ ತಾನೇ ಬಂತು. ತಕರಾರು ಬಂದಿದ್ದು ಲೈಸೆನ್ಸ್ ನಂಬರಲ್ಲಿ, 16 ಅಕ್ಷರ ಇರತ್ತೆ, ಮೂರು ಸಲ ರಿಜೆಕ್ಟ್ ಆಯ್ತು. ಅದರಲ್ಲಿ ಮೊದಲ ಐದು ಸರ್‌ನೇಮಿಂದು, ನಮ್ದು ಇಂಗ್ಲಿಷಲ್ಲಿ ಮೂರೇ ಅಕ್ಷರ, ಐದು ತುಂಬ್ಸೋಕೆ ಲೈಸೆನ್ಸ್ ಕೊಡೋರು ಹಿಂದೆ ಎರಡು 9 ಹಾಕಿರ್ತಾರೆ, ಇವಳು ಅದನ್ನ ಬಿಟ್ಟು ಟೈಪ್ ಮಾಡ್ತಿದ್ಲು. ಅದು ಸರಿ ಮಾಡೋಷ್ಟ್ರಲ್ಲಿ ನಮ್ಮನೆಯವ್ರು ಕನ್ನಡಕ ಏರ್ಸಿ "ಲೇ, ನೀನ್ ಹುಟ್ಟಿದ್ದು ನವೆಂಬರ್, ಇಲ್ಲಿ ತಿಂಗಳಿನ ಜಾಗದಲ್ಲಿ 61 ಅಂತಿದೆ, 61ನೇ ತಿಂಗಳು ಯಾವ್ ಪಂಚಾಂಗದಲ್ಲಿದೆ?" ಅಂತ. ಹೆಂಗಸರ ಲೈಸೆನ್ಸಲ್ಲಿ ತಿಂಗಳಿನ ಮೊದಲ ಅಂಕಿಗೆ 5 ಸೇರ್ಸಿರ್ತಾರೆ ಅಂತ ಆಮೇಲೆ ಗೊತ್ತಾಯ್ತು. ಹೆಣ್ಣು ಅಂತ ನಂಬರಲ್ಲಿ ಇಷ್ಟೆಲ್ಲ ಗುರುತು ಇದ್ರೂ ಪ್ರೀಮಿಯಂ ಏನೂ ಕಮ್ಮಿ ಮಾಡಲ್ಲ, 2012 ಡಿಸೆಂಬರಿಂದ ಗಂಡು ಹೆಣ್ಣು ನೋಡಿ ರೇಟ್ ಹಾಕೋ ಹಾಗಿಲ್ಲ.

ರಾತ್ರಿ ಕಾರ್ ಎಲ್ಲಿ ನಿಲ್ಸ್ತೀರಾ ಅಂತ ಕೇಳತ್ತೆ, ಮನೆ ಅಡ್ರೆಸ್ಸೇ ಹಾಕಿ, ಹಾಸ್ಟೆಲ್ದಲ್ಲ. ಹಾಸ್ಟೆಲಿಗೇ ಕಾರ್ ತಗೊಂಡೋಗಿ ದಿನಾ ಮಕ್ಳೇ ಓಡ್ಸೋದಾದ್ರೆ ಅದು ಬೇರೆ ಕಥೆ, ಅಪ್ಪ ಮೇನ್ ಡ್ರೈವರ್ ಅಂತ ಸುಳ್ಳು ಹೇಳಿದ್ರೆ ಮೋಸ ಅಂತಾನೇ ಲೆಕ್ಕ, ಕ್ಲೇಮ್ ಕೊಡಲ್ಲ.

ರೇಟು ನಮಗೆ ಬಿದ್ದಿದ್ದು 14 ದಿನಕ್ಕೆ 118 ಪೌಂಡ್, ಅದರಲ್ಲೇ 12 ಪರ್ಸೆಂಟ್ ಟ್ಯಾಕ್ಸೂ ಸೇರಿದೆ. ಒಂದೇ ದಿನಕ್ಕೆ ಕೇಳಿದ್ರೆ 24 ತೋರಿಸ್ತು. ಅಂದ್ರೆ ನಾಲ್ಕು ದಿನದ ಒಳಗಾದ್ರೆ ಬೇಕಾದಾಗ ಬೇಕಾದಾಗ ಒಂದೊಂದ್ ದಿನದ್ದು ತಗೊಳೋದೇ ವಾಸಿ. ಇವಳು ಎಣಿಸಿ ಏಳು ದಿನ ಓಡ್ಸಿದ್ಲು, ಬಾಕಿ ಏಳು ದಿನ ಹೊದ್ಕೊಂಡ್ ಮಲಗಿದ್ಲು, ಆದ್ರೂ ನಮ್ಗೆ ಲಾಭನೇ. ದುಡ್ಡು ಕಟ್ಟಿ ಐದು ನಿಮಿಷಕ್ಕೆ ಸರ್ಟಿಫಿಕೇಟ್ ಪಿಡಿಎಫ್ ಇಮೇಲಲ್ಲಿ ಬಂತು, ಅದನ್ನ ಫೋನಲ್ಲೇ ಇಟ್ಕೊಂಡಿರಿ, ಪೊಲೀಸ್ ನೋಡೋ ಇನ್ಶೂರೆನ್ಸ್ ಡೇಟಾಬೇಸಲ್ಲಿ ಹೆಸರು ಬರೋಕೆ ಕೆಲವೊಮ್ಮೆ ಟೈಮ್ ಹಿಡಿಯತ್ತೆ. ಇಲ್ಲಿವರೆಗೂ ಐದಕ್ಕೆ ಐದು.

ಈಗ ಬೈಗುಳ. ಕಾಂಪ್ರಹೆನ್ಸಿವ್ ಅಂತ ದೊಡ್ಡದಾಗಿ ಬರೆದಿರ್ತಾರೆ, ಒಳಗೆ ಹೋಗಿ ನೋಡಿದ್ರೆ ಎಕ್ಸೆಸ್ 750 ಪೌಂಡ್, ಅಂದ್ರೆ ಏನೇ ಆದ್ರೂ ಮೊದಲ 750 ನಮ್ಮ ಕೈಯಿಂದ, ಬಾಗಿಲಿಗೆ ಗೀರು ಬಿದ್ರೆ ಕ್ಲೇಮ್ ಮಾಡೋ ಮಾತೇ ಇಲ್ಲ. ವಿಂಡ್‌ಸ್ಕ್ರೀನ್ ಒಡೆದ್ರೆ ಕೊಡಲ್ವಂತೆ. ಮಧ್ಯದಲ್ಲಿ ಬೇಡ ಅಂದ್ರೆ ದುಡ್ಡು ವಾಪಸ್ಸೂ ಇಲ್ಲ, ವರ್ಷದ ಪಾಲಿಸಿಗಿರೋ, ತಗೊಂಡ 14 ದಿನದೊಳಗೆ ರದ್ದು ಮಾಡೋ ಹಕ್ಕು ಒಂದು ತಿಂಗಳಿಗಿಂತ ಕಮ್ಮಿ ಪಾಲಿಸಿಗೆ ಅನ್ವಯಿಸಲ್ಲ. ಇದೆಲ್ಲ ಬರೆದಿದ್ರು, ಇಲ್ಲ ಅನ್ನಲ್ಲ, ಆದ್ರೆ ಇಪ್ಪತ್ತನೇ ಪೇಜಲ್ಲಿ.

ದೊಡ್ಡ ಕಿರಿಕಿರಿ ಆಗಿದ್ದು ಕೊನೇ ದಿನ. ಡಿಸೆಂಬರ್ 23ಕ್ಕೆ ಸಂಜೆ 4:40ಕ್ಕೆ ಕವರ್ ಶುರು ಮಾಡಿದ್ವಿ, ಅಂದ್ರೆ ಜನವರಿ 6ಕ್ಕೆ ಸಂಜೆ 4:40ಕ್ಕೆ ಮುಗಿಯತ್ತೆ, ರಾತ್ರಿ ಹನ್ನೆರಡಕ್ಕಲ್ಲ. ನಾವು ಆ ದಿನ ಪೂರ್ತಿ ಇದೆ ಅನ್ಕೊಂಡಿದ್ವಿ. ಫ್ರೆಂಡನ್ನ ಸ್ಟೇಷನ್ನಿಗೆ ಬಿಡೋಕೆ ಹೋದ್ಲು, ಟ್ರೇನ್ ಲೇಟು, ಇವಳು ಕಾರ್ ಪಾರ್ಕಲ್ಲಿ ಕೂತು ಪಿಡಿಎಫ್ ತೆಗೆದು ನೋಡಿದಾಗ 4:31, ಮನೆಗೆ ಇಪ್ಪತ್ತೈದು ನಿಮಿಷದ ದಾರಿ. ಫೋನ್ ಬ್ಯಾಟರಿ 6 ಪರ್ಸೆಂಟ್. "ಅಮ್ಮಾ ಎಕ್ಸ್‌ಟೆಂಡ್ ಮಾಡೋ ಬಟನ್ನೇ ಇಲ್ಲ ಕಣೆ" ಅಂತ ಅಳು ದನಿ. "ಸ್ಟಾರ್ಟ್ ಮಾಡ್ಬೇಡ, ಅಲ್ಲೇ ಕೂತಿರು ಪುಟ್ಟಿ" ಅಂತ ಹೇಳಿ ನಾನು ಮನೆಯಿಂದ ಅವಳ ಅಕೌಂಟಿಗೆ ಲಾಗಿನ್ ಆಗಿ ಒಂದು ಗಂಟೆಯದ್ದು ಹೊಸ ಪಾಲಿಸಿ ತಗೊಂಡೆ, ಮತ್ತೆ 61, ಮತ್ತೆ ಎರಡು 9, ಮತ್ತೆ 13 ಪೌಂಡ್. ಮುಗೀತಾ ಬಂತು ಅಂತ ಒಂದು ಮೆಸೇಜ್ ಕಳ್ಸಿಲ್ಲ ಈ ಪುಣ್ಯಾತ್ಮರು, ಮಾರನೇ ದಿನ ಬೆಳಿಗ್ಗೆ ಮಾತ್ರ "ಮತ್ತೆ ಬನ್ನಿ" ಅಂತ ಮೇಲ್ ಬಂತು! ಚಾಟಲ್ಲಿ ಕೇಳಿದ್ರೆ ಟೈಮು ಸರ್ಟಿಫಿಕೇಟಲ್ಲೇ ಇದೆ ಅಂದ್ರು. ಹೌದು ಇದೆ. ಒಂದೂವರೆ ಸ್ಟಾರ್ ಹೋಗಿದ್ದು ಇಲ್ಲಿ.

ಇನ್‌ಸ್ಟಾದಲ್ಲಿ ಅರ್ಧ ರೇಟಿಗೆ ಮಾಡಿಸ್ಕೊಡ್ತೀನಿ ಅನ್ನೋರು ಮಗಳ ಕ್ಲಾಸಿನವ್ರಿಗೆ ಮೆಸೇಜ್ ಮಾಡ್ತಿರ್ತಾರಂತೆ, ಅವೆಲ್ಲ ನಕಲಿ ಪೇಪರ್ ಇರತ್ತೆ, ಎಫ್‌ಸಿಎ (ಇಲ್ಲಿನ ಹಣಕಾಸು ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ) ರಿಜಿಸ್ಟರಲ್ಲಿ ಕಂಪನಿ ಹೆಸರು ನೋಡ್ದೆ ಯಾರಿಗೂ ದುಡ್ಡು ಕಟ್ಬೇಡಿ.

ಈಸ್ಟರ್ ರಜೆಗೂ ಅದೇ ಆ್ಯಪಲ್ಲೇ ತಗೊಂಡಿದೀವಿ, ಬೈದ್ರೂ ಬೇರೆ ಕಡೆ ಇಷ್ಟು ಬೇಗ ಸಿಗ್ಲಿಲ್ಲ. ಈ ಸಲ ಶುರು ಮಾಡಿರೋದು ಬೆಳಿಗ್ಗೆ ಆರಕ್ಕೆ, ಮುಗಿಯೋದೂ ಬೆಳಿಗ್ಗೆ ಆರಕ್ಕೆ. ಆ ಹೊತ್ತಲ್ಲಿ ನಮ್ಮ ರಾಣಿ ಎದ್ದಿರೋದೇ ಇಲ್ಲ.