ಮಡಿಕೇರಿಯ ಇಳಿಜಾರೋ, ಕುಶಾಲನಗರದ ಹೊಳೆಬದಿಯೋ?

ಕೊಡಗಿನಲ್ಲಿ ಸೈಟ್ ಹುಡುಕುವವರು ಕೊನೆಗೆ ಬಂದು ನಿಲ್ಲುವುದು ಇವೆರಡರ ನಡುವೆಯೇ. ಮಳೆ ಎರಡೂ ಕಡೆ ಸುರಿಯುತ್ತದೆ, ಪೆಟ್ಟು ಮಾತ್ರ ಬೇರೆ.

ಕುಶಾಲನಗರದಲ್ಲಿ 2018, 2019ರ ಆಗಸ್ಟ್‌ನಲ್ಲಿ ಕಾವೇರಿ ಬಡಾವಣೆಗಳಿಗೇ ನುಗ್ಗಿತ್ತು. ಆದರೆ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಾಗದಪತ್ರ ಎತ್ತಿಕೊಂಡು ಹೊರಡಲು ಸಾಮಾನ್ಯವಾಗಿ ಹೊತ್ತಿರುತ್ತದೆ. ಇಳಿದ ಮೇಲೆ ಕೆಸರು ಬಳಿದು ಹೊರಹಾಕಬೇಕು, ಫ್ರಿಜ್ಜು ಹೋಗಿರುತ್ತದೆ, ಗಟ್ಟಿ ಮನೆ ಸಾಮಾನ್ಯವಾಗಿ ಉಳಿದಿರುತ್ತದೆ. ಅಕ್ಕಪಕ್ಕದ ಗೋಡೆಗಳ ಮೇಲಿನ ಕಂದು ಗೆರೆ ನೋಡಿ ಬೆಲೆ ಮಾತಾಡಿ.

ಇಳಿಜಾರಿನ ಲೆಕ್ಕವೇ ಬೇರೆ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಯ ಜೊತೆ ನೆಲವೇ ಹೋಯಿತು. ಜೆಸಿಬಿಯಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ಸಮ ಮಾಡಿದ ಜಾಗ ನೋಡಲು ಚೆಂದ, ವ್ಯೂ ಬೇರೆ! ಬುಡ ಕಳೆದುಕೊಂಡ ಮಣ್ಣು ನೆನೆದು ಭಾರವಾದರೆ ನಿಲ್ಲುವುದಿಲ್ಲ. ನೆಲದಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ಕಂಡರೆ ಅಡ್ವಾನ್ಸ್ ಕೊಡಬೇಡಿ.

ನನ್ನ ಓಟು ಕುಶಾಲನಗರಕ್ಕೆ, ಅದೂ ಹೊಳೆಯಿಂದ ದೂರದ ದಿಬ್ಬಕ್ಕೆ. ಪಿಲ್ಲರ್ ಮೇಲೆ ಕಟ್ಟಿ, ಮೀಟರ್ ಬೋರ್ಡ್ ಎತ್ತರಕ್ಕೆ ಹಾಕಿಸಿ. ಕಡಿದ ಬರೆಯ ಕೆಳಗಿನ ಸೈಟು ಪುಕ್ಕಟೆ ಕೊಟ್ಟರೂ ಬೇಡ.