ಮಾಸ್ಟೊಡಾನ್, ಲೆಮ್ಮಿ, ಬ್ಲೂಸ್ಕೈ: ಮೂರನ್ನೂ ಬಳಸಿ ನೋಡಿದ ಮೇಲೆ

ಟ್ವಿಟರ್, ರೆಡ್ಡಿಟ್‌ಗಳ ಬದಲು ಬಳಸಬಹುದಾದ ಮೂರು ಸಾಮಾಜಿಕ ಜಾಲತಾಣಗಳ ಬಗ್ಗೆ ಇದು. ಮೊದಲೇ ಹೇಳಿಬಿಡುತ್ತೇನೆ. ಒಂದು ವಿಷಯ ಹಿಡಿದು ಗುಂಪಿನಲ್ಲಿ ಕೂತು ಮಾತಾಡುವುದು ನಿಮಗೆ ಇಷ್ಟವಾದರೆ ಲೆಮ್ಮಿಗೆ ಹೋಗಿ. ಇಂಥವರು ಏನು ಬರೆದರು ಅಂತ ಓದುವವರಾದರೆ ಮಾಸ್ಟೊಡಾನ್ ಸರಿ. ಮೂರರಲ್ಲಿ ಎಲ್ಲಕ್ಕಿಂತ ಸುಲಭ ಬ್ಲೂಸ್ಕೈ. ಆದರೆ ನಾನು ಹುಡುಕುತ್ತಿದ್ದದ್ದು ಅಲ್ಲಿ ಸಿಗಲಿಲ್ಲ. ಇವು ಆರಂಭದ ಅನಿಸಿಕೆಗಳು, ಮುಂದೆ ಬದಲಾಗಬಹುದು.

ನಾನು ಈ ಕಡೆ ತಿರುಗಿದ ಕಾರಣ ಬಹಳ ಜನರದ್ದೂ ಹೌದು. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಮರುವರ್ಷ, ವಿಷಯವಾರು ಗುಂಪುಗಳ ಚರ್ಚಾ ತಾಣವಾದ ರೆಡ್ಡಿಟ್ ತನ್ನ ಎಪಿಐ (ಹೊರಗಿನ ಆಪ್‌ಗಳು ತಾಣದ ಪೋಸ್ಟ್‌ಗಳನ್ನು ಪಡೆಯುವ ದಾರಿ) ಬಳಕೆಗೆ ದರ ಕಟ್ಟಿತು. ಹೊರಗಿನವರು ಮಾಡಿದ ಆಪ್‌ಗಳಿಗೆ ಅದನ್ನು ಭರಿಸುವುದು ಕಷ್ಟವಾಯಿತು. ಜೂನ್‌ನಲ್ಲಿ ಸಾವಿರಾರು ಗುಂಪುಗಳು ಬಾಗಿಲು ಮುಚ್ಚಿ ಪ್ರತಿಭಟಿಸಿದವು. ಶುಲ್ಕ ಹೋಗಲಿಲ್ಲ. ರೆಡ್ಡಿಟ್ ಓದಲು ಬಳಸುತ್ತಿದ್ದ ಅಪೊಲೊ ಎಂಬ ಜನಪ್ರಿಯ ಆಪ್ 2023ರ ಜೂನ್ 30ಕ್ಕೆ ನಿಂತೇ ಹೋಯಿತು. ಗುಂಪು ಕಟ್ಟಿದವರು ಜನ, ಬೀಗದ ಕೈ ಮಾತ್ರ ಕಂಪನಿ ಹತ್ತಿರ. ಇದು ನನ್ನನ್ನು ಬಹಳ ಕಾಡಿತು. ಹಾಗಾಗಿ ಮೂರು ಕಡೆಯೂ ಒಂದೇ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದೆ. ಏನಾದರೂ ಕೇಳಿದರೆ ಉತ್ತರ ಬರುತ್ತದಾ? ಗುಂಪನ್ನು ಯಾರು ನೋಡಿಕೊಳ್ಳುತ್ತಾರೆ, ಅವರು ಮಾಡೋದು ನಮಗೆ ಕಾಣುತ್ತದಾ? ನಾಳೆ ಬಿಟ್ಟು ಹೊರಟರೆ ಏನನ್ನು ಜೊತೆಗೆ ಒಯ್ಯಬಹುದು?

ಸೇರುವ ಮಾತು ಬೇಗ ಮುಗಿಸುತ್ತೇನೆ. ಬ್ಲೂಸ್ಕೈಗೆ ಇಮೇಲ್ ಕೊಟ್ಟರೆ ಆಯಿತು. ಯಾರೋ ಮಾಡಿಟ್ಟ ‘ಸ್ಟಾರ್ಟರ್ ಪ್ಯಾಕ್’ ಒತ್ತಿದರೆ ಒಂದಿಷ್ಟು ಜನರನ್ನು ಒಟ್ಟಿಗೇ ಫಾಲೋ ಮಾಡಬಹುದು, ಫೀಡ್ ತುಂಬಿಕೊಳ್ಳುತ್ತದೆ. ಮಾಸ್ಟೊಡಾನ್ ಮತ್ತು ಲೆಮ್ಮಿ ಬೇರೆ ಬೇರೆ ಜನ ನಡೆಸುವ ಹಲವು ಸರ್ವರ್‌ಗಳಲ್ಲಿ ಓಡುತ್ತವೆ, ಹಾಗಾಗಿ ಅಲ್ಲಿ ಮೊದಲೇ ‘ಯಾವ ಸರ್ವರ್?’ ಅನ್ನುವ ಪ್ರಶ್ನೆ ಬರುತ್ತದೆ. ಬಹಳ ಜನ ಇಲ್ಲೇ ವಾಪಸ್ ಹೋಗುತ್ತಾರೆ, ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಈ ಎರಡೂ ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್, ಅಂದರೆ ಸರ್ವರ್‌ಗಳು ತಮ್ಮೊಳಗೆ ಮಾತಾಡಿಕೊಳ್ಳುವ ನಿಯಮಾವಳಿ, ಬಳಸುತ್ತವೆ. 2018ರಿಂದ ಅದು ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಒಪ್ಪಿದ ಮಾನದಂಡ. ನಿಮ್ಮ ಖಾತೆ ಒಂದು ಸರ್ವರ್‌ನಲ್ಲಿದ್ದು, ಗುಂಪು ಇನ್ನೊಂದರಲ್ಲಿದ್ದರೂ ಮಾತು ಆ ಕಡೆ ಈ ಕಡೆ ಹೋಗುತ್ತದೆ. ಆದರೂ ಸರ್ವರ್ ಯಾವುದಾದರೇನು ಅನ್ನುವ ಮಾತನ್ನು ನಂಬಬೇಡಿ. ಲೆಮ್ಮಿಯಲ್ಲಿ ನಿಮ್ಮ ಸರ್ವರ್‌ನವರು ಯಾರೂ ಸೇರದ ಗುಂಪಿನ ಪೋಸ್ಟ್‌ಗಳು ನಿಮ್ಮ ‘ಆಲ್’ ಫೀಡಿಗೆ ಬರುವುದೇ ಇಲ್ಲ. ತೀರಾ ಸಣ್ಣ ಸರ್ವರ್ ಸೇರಿದರೆ ಊರೇ ಖಾಲಿ ಅನಿಸುತ್ತದೆ.

ಅಂಥ ಗುಂಪನ್ನು ಹುಡುಕಿ ತರುವ ಬಗೆ ಹೀಗೆ. ಆಶ್ಚರ್ಯ ಚಿಹ್ನೆ, ಗುಂಪಿನ ಹೆಸರು, ಆಮೇಲೆ @ ಹಾಕಿ ಅದರ ಸರ್ವರ್ ಹೆಸರು. ಇಷ್ಟನ್ನೂ ಹುಡುಕಾಟದಲ್ಲಿ ಟೈಪ್ ಮಾಡಬೇಕು. ಮೊದಲು ಏನೂ ಸಿಗಲಿಲ್ಲ ಅಂತ ತೋರಿಸಬಹುದು. ಸ್ವಲ್ಪ ಹೊತ್ತು ಬಿಟ್ಟರೆ ಗುಂಪು ಕಾಣುತ್ತದೆ. ಒಳಗೆ ಹೋದರೆ ಇತ್ತೀಚಿನ ಕೆಲವು ಪೋಸ್ಟ್ ಇರುತ್ತವೆ, ಕಾಮೆಂಟ್ ಇರುವುದಿಲ್ಲ. ಸತ್ತ ಗುಂಪು ಅಂದುಕೊಂಡು ಹೊರಗೆ ಬಂದುಬಿಡಬೇಡಿ. ನೀವು ಸಬ್‌ಸ್ಕ್ರೈಬ್ ಮಾಡಿದ ಮೇಲಿನದೆಲ್ಲ ತಾನಾಗಿ ಬರುತ್ತದೆ, ನಿಮ್ಮ ಸರ್ವರ್‌ನ ಬೇರೆಯವರಿಗೂ ಕಾಣುತ್ತದೆ.

ಉತ್ತರ ಬರುತ್ತದಾ ಅನ್ನುವುದಕ್ಕೆ ಮೂರು ಕಡೆಯೂ ಒಂದೇ ಪ್ರಶ್ನೆ ಹಾಕಿದೆ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೆ, ವೈಫೈ ಕಾಣುತ್ತಿರಲಿಲ್ಲ. ಬ್ಲೂಸ್ಕೈಯಲ್ಲಿ ಪೋಸ್ಟ್ ಹಾಗೇ ಕೆಳಗೆ ಜಾರಿಹೋಯಿತು. ಮಾಸ್ಟೊಡಾನ್‌ನಲ್ಲಿ ಹ್ಯಾಶ್‌ಟ್ಯಾಗ್ ಹಿಡಿದು ಬಂದ ಒಬ್ಬರು ಬೂಸ್ಟ್ ಮಾಡಿದರು (ತಮ್ಮ ಫಾಲೋವರ್‌ಗಳಿಗೂ ಹಂಚಿದರು), ಇನ್ನೊಬ್ಬರು ಕೇಬಲ್ ಹಾಕಿ ಅಪ್‌ಡೇಟ್ ಮಾಡಿ ನೋಡಿ ಅಂದರು. ಲೆಮ್ಮಿಯಲ್ಲಿ ಬಂದ ಮೊದಲ ಉತ್ತರವೇ ಪ್ರಶ್ನೆ: ‘ಚಿಪ್ ಯಾವುದು, ಎಲ್‌ಎಸ್‌ಪಿಸಿಐ ಕೊಟ್ಟ ಔಟ್‌ಪುಟ್ ಹಾಕಿ.’ ಅದು ಯಂತ್ರದೊಳಗಿನ ಭಾಗಗಳ ಪಟ್ಟಿ ಕೊಡುವ ಕಮಾಂಡ್. ಹಾಕಿದೆ. ಅದರ ಕೆಳಗೆ ಒಬ್ಬರು ಡ್ರೈವರ್ ಹೆಸರು ಬರೆದರು. ಅದರ ಕೆಳಗೆ ಇನ್ನೊಬ್ಬರು, ಆ ಡ್ರೈವರ್ ಹೊಸ ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಕೂಡಿಬರುವುದಿಲ್ಲ, ಈ ಇನ್ನೊಂದನ್ನು ಹಾಕಿ ಅಂತ ತಿದ್ದಿದರು. ವೈಫೈ ಬಂತು. ಆ ತಿದ್ದುಪಡಿಯೇ ಮುಖ್ಯ ಅಲ್ವಾ? ಒಬ್ಬರ ಉತ್ತರದ ಕೆಳಗೇ ಇನ್ನೊಬ್ಬರದು ಕೂರುವುದರಿಂದ ಆಮೇಲೆ ಬಂದು ಓದುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಲಿನಕ್ಸ್ ಪ್ರಶ್ನೆ ಆದದ್ದರಿಂದ ಲೆಮ್ಮಿಗೆ ಅನುಕೂಲ ಆಯಿತು ಅನ್ನುವುದನ್ನೂ ಹೇಳಬೇಕು. ಅಲ್ಲಿ ತಂತ್ರಜ್ಞಾನದ ಜನ ಜಾಸ್ತಿ. ಹೊಲಿಗೆ, ಗಿಡ, ಹಳೇ ಕ್ಯಾಮೆರಾದಂಥ ಗುಂಪುಗಳೂ ಇವೆ, ಆದರೆ ನಿಧಾನ. ಒಂದೇ ವಿಷಯಕ್ಕೆ ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರ್ನಾಲ್ಕು ಗುಂಪು ಇರುತ್ತವೆ, ಇರುವ ಸ್ವಲ್ಪ ಜನವೂ ಚದುರಿಹೋಗುತ್ತಾರೆ. ಒಂದೇ ಲಿಂಕ್ ಫೀಡಿನಲ್ಲಿ ಮತ್ತೆ ಮತ್ತೆ ಬರುವುದು ಇದರಿಂದಲೇ.

ನನಗೆ ಲೆಮ್ಮಿಯಲ್ಲಿ ತುಂಬಾ ಹಿಡಿಸಿದ್ದು ಮಾಡ್‌ಲಾಗ್. ಗುಂಪು ನೋಡಿಕೊಳ್ಳುವ ಮಾಡರೇಟರ್ ಯಾವ ಪೋಸ್ಟ್ ತೆಗೆದರು, ಯಾರನ್ನು ಬ್ಯಾನ್ ಮಾಡಿದರು, ಅದಕ್ಕೆ ಏನು ಕಾರಣ ಬರೆದರು, ಎಲ್ಲ ಒಂದು ಪುಟದಲ್ಲಿ ಇರುತ್ತದೆ. ಲಾಗಿನ್ ಆಗದೆಯೂ ಓದಬಹುದು. ಯಾವುದೇ ಗುಂಪು ಸೇರುವ ಮುಂಚೆ ಈಗ ನಾನು ಅದನ್ನೇ ನೋಡುತ್ತೇನೆ. ಒಂದು ಗುಂಪಿನಲ್ಲಿ ಕಾರಣದ ಜಾಗ ಸಾಲು ಸಾಲಾಗಿ ಖಾಲಿ ಇತ್ತು. ಇನ್ನೊಂದರಲ್ಲಿ ‘ನಿಯಮ 2, ವ್ಯಕ್ತಿಯ ಮೇಲೆ ದಾಳಿ’ ಅಂತ ಪ್ರತಿ ಸಲವೂ ಬರೆದಿದ್ದರು. ಎರಡನೆಯದಕ್ಕೆ ಸೇರಿದೆ, ಚೆನ್ನಾಗಿದೆ. ಅಧಿಕಾರ ಇರುವವರು ತಮ್ಮ ಕೆಲಸವನ್ನು ಎಲ್ಲರ ಮುಂದೆ ಹೀಗೆ ಇಡುವುದು ದೊಡ್ಡ ಕಂಪನಿಗಳ ಜಾಗದಲ್ಲಿ ನನಗೆ ಸಿಕ್ಕಿರಲಿಲ್ಲ.

ಮಾಸ್ಟೊಡಾನ್ ಸ್ವಭಾವವೇ ಬೇರೆ. 2016ರಲ್ಲಿ ಯೂಜೆನ್ ರೋಚ್ಕೊ ಶುರು ಮಾಡಿದ್ದು. ಮಾಮೂಲಿಯಾಗಿ ಒಂದು ಪೋಸ್ಟಿಗೆ 500 ಅಕ್ಷರ. ಹೋಮ್ ಫೀಡ್ ಸಮಯದ ಕ್ರಮದಲ್ಲೇ ಬರುತ್ತದೆ, ಯಾವುದನ್ನೂ ಮೇಲೆ ಎತ್ತಿ ಕೂರಿಸುವುದಿಲ್ಲ. ಓದಿ ಮುಗಿಯಿತು ಅನ್ನುವ ಒಂದು ಕೊನೆ ಇದೆ! ಚಿತ್ರ ಹಾಕಿದರೆ ಕಣ್ಣು ಕಾಣದವರಿಗಾಗಿ ವಿವರಣೆ ಬರೆಯುವ ಪದ್ಧತಿ ಅಲ್ಲಿ ಬಲವಾಗಿದೆ. ಈಗ ನಾನು ಎಲ್ಲಿ ಚಿತ್ರ ಹಾಕಿದರೂ ವಿವರಣೆ ಬರೆಯುತ್ತೇನೆ, ಅದು ಅವರಿಂದ ಕಲಿತದ್ದು. ಆದರೆ ಗುಂಪು ಅನ್ನುವುದು ಅಲ್ಲಿ ಇಲ್ಲ, ಹ್ಯಾಶ್‌ಟ್ಯಾಗ್ ಫಾಲೋ ಮಾಡಿಯೇ ಸುಧಾರಿಸಿಕೊಳ್ಳಬೇಕು. ಹುಡುಕಾಟದಲ್ಲೂ ಒಪ್ಪಿಗೆ ಕೊಟ್ಟವರ ಪೋಸ್ಟ್‌ಗಳೇ ಸಿಗುವುದು. ಬೇರೆ ಸರ್ವರ್‌ನ ಪೋಸ್ಟಿಗೆ ಬಂದ ಉತ್ತರಗಳೆಲ್ಲ ನಮ್ಮ ಸರ್ವರ್‌ಗೆ ತಲುಪದೇ ಇರಬಹುದು, ಹೊಸ ಆವೃತ್ತಿಗಳಲ್ಲಿ ಇದು ಸರಿಹೋಗುತ್ತಿದೆ.

ಮಾಸ್ಟೊಡಾನ್‌ನಿಂದಲೇ ಲೆಮ್ಮಿ ಗುಂಪನ್ನು ಫಾಲೋ ಮಾಡಬಹುದು. ಗುಂಪಿನ ಹೆಸರನ್ನು ಮೆನ್ಷನ್ ಮಾಡಿ ಬರೆದರೆ ಅದು ಅಲ್ಲಿ ಪೋಸ್ಟ್ ಆಗುತ್ತದೆ, ಮೊದಲ ಸಾಲೇ ಶೀರ್ಷಿಕೆ. ಎರಡು ಬೇರೆ ಬೇರೆ ತಂಡಗಳು ಬರೆದ ತಂತ್ರಾಂಶ, ಹೀಗೆ ಮಾತಾಡಿಕೊಳ್ಳುವುದನ್ನು ನೋಡಿ ನಿಜಕ್ಕೂ ಖುಷಿಯಾಯಿತು. ಫಾಲೋ ಮಾಡುವುದು ಮಾತ್ರ ಬೇಡ. ಗುಂಪಿನ ಪ್ರತಿ ಕಾಮೆಂಟೂ ಒಂದೊಂದು ಬೂಸ್ಟ್ ಆಗಿ ಫೀಡಿಗೆ ಸುರಿಯುತ್ತದೆ, ಹಿಂದೆ ಮುಂದೆ ಗೊತ್ತಾಗುವುದಿಲ್ಲ.

ಬ್ಲೂಸ್ಕೈ 2019ರಲ್ಲಿ ಟ್ವಿಟರ್ ಒಳಗಿನ ಯೋಜನೆಯಾಗಿ ಹುಟ್ಟಿ, 2024ರ ಫೆಬ್ರವರಿಯಲ್ಲಿ ಆಮಂತ್ರಣ ಇಲ್ಲದೆ ಎಲ್ಲರಿಗೂ ತೆರೆಯಿತು. ಅದರ ಪ್ರೋಟೊಕಾಲ್ ಬೇರೆ, ಎಟಿ ಪ್ರೋಟೊಕಾಲ್. ಲೈಕ್, ಉತ್ತರಗಳ ಲೆಕ್ಕ ಎಲ್ಲರಿಗೂ ಒಂದೇ ತರಹ ಕಾಣುವುದು, ಯಾರು ಬೇಕಾದರೂ ಫೀಡ್ ಮಾಡಿ ಹಂಚಬಹುದಾದದ್ದು, ಸ್ವಂತ ಡೊಮೈನನ್ನೇ (ವೆಬ್ ವಿಳಾಸ) ಹ್ಯಾಂಡಲ್, ಅಂದರೆ ಬಳಕೆದಾರ ಹೆಸರು, ಮಾಡಿಕೊಳ್ಳಬಹುದಾದದ್ದು, ಇವೆಲ್ಲ ಚೆನ್ನಾಗಿವೆ. ಆದರೆ ಫೀಡ್ ಅಂದರೆ ಓದುವ ಪಟ್ಟಿ. ಅಲ್ಲಿ ಬಂದವರಿಗೆ ಇದು ನಮ್ಮ ಗುಂಪು ಅನ್ನುವ ಭಾವ ಹುಟ್ಟುವುದಿಲ್ಲ, ನೋಡಿಕೊಳ್ಳುವವರೂ ಇರುವುದಿಲ್ಲ. ಬಹುಪಾಲು ಖಾತೆಗಳು ಇರುವುದೂ ಕಂಪನಿಯ ಸರ್ವರ್‌ಗಳಲ್ಲೇ. ಬೀಗದ ಕೈಯ ಚಿಂತೆಯಿಂದ ಹೊರಟ ನನಗೆ ಅದು ಸಮಾಧಾನ ಕೊಡಲಿಲ್ಲ.

ಇನ್ನು ಬಿಟ್ಟು ಹೋಗುವ ಮಾತು. ಇದನ್ನು ಸೇರುವಾಗಲೇ ಯೋಚಿಸಬೇಕು, ಯಾಕೆಂದರೆ ಸರ್ವರ್‌ಗಳು ಮುಚ್ಚುತ್ತವೆ. ಲೆಮ್ಮಿಯ ದೊಡ್ಡ ಸರ್ವರ್‌ಗಳಲ್ಲಿ ಒಂದಾಗಿದ್ದ ಲೆಮ್ ಡಾಟ್ ಇಇ 2025ರ ಜೂನ್ ಕೊನೆಗೆ ನಿಂತಿತು. ನಡೆಸುತ್ತಿದ್ದ ಸ್ವಯಂಸೇವಕರು ದಣಿದಿದ್ದರು. ಕ್ವೀರ್ ಡಾಟ್ ಎಎಫ್ ಎಂಬ ಮಾಸ್ಟೊಡಾನ್ ಸರ್ವರ್‌ನ ಡೊಮೈನನ್ನು 2024ರಲ್ಲಿ ತಾಲಿಬಾನ್ ಆಡಳಿತ ತಡೆಹಿಡಿಯಿತು, ಎಎಫ್ ಅಫ್ಘಾನಿಸ್ತಾನದ ಡೊಮೈನ್.

ಮಾಸ್ಟೊಡಾನ್‌ನಲ್ಲಿ ಹೊಸ ಖಾತೆ ತೆರೆದು, ಅದರಲ್ಲಿ ಹಳೆಯದರ ಹೆಸರು ದಾಖಲಿಸಿ, ಆಮೇಲೆ ಹಳೆಯದರಿಂದ ‘ಮೂವ್’ ಒತ್ತಬೇಕು. ನಾನೂ ಒಮ್ಮೆ ಮಾಡಿದೆ. ಫಾಲೋವರ್‌ಗಳು ತಾವಾಗಿ ಬರುತ್ತಾರೆ. ನೀವು ಫಾಲೋ ಮಾಡುವವರ ಪಟ್ಟಿಯನ್ನು ಫೈಲ್ ಆಗಿ ಇಳಿಸಿಕೊಂಡು ಏರಿಸಬೇಕು. ಹಳೇ ಪೋಸ್ಟ್‌ಗಳು ಬರುವುದಿಲ್ಲ. ಇಷ್ಟಕ್ಕೂ ಹಳೇ ಸರ್ವರ್ ಬದುಕಿರಬೇಕು. ಲೆಮ್ಮಿಯಲ್ಲಿ ಸೇರಿದ ಗುಂಪು, ಬ್ಲಾಕ್ ಪಟ್ಟಿ ಎಲ್ಲ ಒಂದೇ ಫೈಲ್‌ನಲ್ಲಿ ಬರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಗುಂಪನ್ನು ಸಾಗಿಸಲು ಆಗುವುದಿಲ್ಲ. ಅದರ ಮನೆ ಸರ್ವರ್ ಹೋದರೆ ಗುಂಪು ಅಲ್ಲಿಗೇ ನಿಲ್ಲುತ್ತದೆ. ಲೆಮ್ಮಿಯ ದೊಡ್ಡ ಕೊರತೆ ಇದೇ. ಈ ವಿಷಯದಲ್ಲಿ ಬ್ಲೂಸ್ಕೈ ವಿನ್ಯಾಸ ಮುಂದಿದೆ, ಪೋಸ್ಟ್‌ಗಳ ಸಮೇತ ಖಾತೆಯನ್ನು ಬೇರೆ ಸರ್ವರ್‌ಗೆ ಒಯ್ಯಬಹುದು. ಕೈಯಾರೆ ಮಾಡಲು ತಾಂತ್ರಿಕ ತಿಳಿವಳಿಕೆ ಬೇಕು.

ಮೂರಕ್ಕೂ ಸೇರಿ ಒಂದು ಎಚ್ಚರಿಕೆ. ಮಾಸ್ಟೊಡಾನ್, ಲೆಮ್ಮಿಯ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಬಯಸಿದರೆ ಓದಬಹುದು. ಲೆಮ್ಮಿಯಲ್ಲಿ ಯಾರು ವೋಟ್ ಹಾಕಿದರು ಅನ್ನುವುದು ಅಡ್ಮಿನ್‌ಗಳಿಗೆ ಕಾಣುತ್ತದೆ. ಬ್ಲೂಸ್ಕೈಯಲ್ಲಿ ಯಾರನ್ನು ಬ್ಲಾಕ್ ಮಾಡಿದ್ದೀರಿ ಅನ್ನುವುದೂ ಸಾರ್ವಜನಿಕ.

ಸದ್ಯಕ್ಕೆ ನನ್ನ ಹೆಚ್ಚಿನ ಹೊತ್ತು ಲೆಮ್ಮಿಯಲ್ಲಿ ಹೋಗುತ್ತದೆ. ಸರ್ವರ್ ಆರಿಸುವಾಗ ‘ಅಬೌಟ್’ ಪುಟ ಓದಿ ಅಂತ ಗೆಳೆಯರಿಗೂ ಹೇಳುತ್ತೇನೆ. ನಡೆಸುವವರು ಒಬ್ಬರೇನಾ, ತಂಡವಾ? ಖರ್ಚಿನ ಲೆಕ್ಕ ಹಾಕಿದ್ದಾರಾ? ಯಾವ ಸರ್ವರ್‌ಗಳನ್ನು ದೂರ ಇಟ್ಟಿದ್ದಾರೆ? ಒಬ್ಬರೇ ನಡೆಸುತ್ತಿದ್ದರೆ ಎಷ್ಟೇ ಚೆನ್ನಾಗಿದ್ದರೂ ನನ್ನ ಮುಖ್ಯ ಖಾತೆ ಅಲ್ಲಿ ಇಡುವುದಿಲ್ಲ. ಮುಂದೆ ಪೈಫೆಡ್ ನೋಡಬೇಕೆಂದಿದ್ದೇನೆ. ಅದು ಲೆಮ್ಮಿ ಗುಂಪುಗಳ ಜೊತೆಗೇ ಮಾತಾಡುತ್ತದೆ, ಒಂದೇ ವಿಷಯದ ಗುಂಪುಗಳನ್ನು ಒಂದು ಕಡೆ ಸೇರಿಸಿ ತೋರಿಸುತ್ತದೆ.